ನೀಲದ ಸುತ್ತ ನಿರಿಗೆ

ಎಡಿಸನ್, ನ್ಯೂಜೆರ್ಸಿ

ತೀರ್ಥರೂಪರಾದ ಅಪ್ಪಾಜಿಯವರಿಗೆ ಮಗಳು ಮಾಡುವ ನಮಸ್ಕಾರಗಳು.

ನಾವೆಲ್ಲ ಕ್ಷೇಮ. ಕಳೆದ ವಾರ ನ್ಯೂಯಾರ್ಕಿನ 47ನೇ ಬೀದಿಯಲ್ಲಿ, ಎರಡೂ ಬದಿಗೆ ವಜ್ರದ ವ್ಯಾಪಾರವೇ ನಡೆಯುವ ಕಡೆ, ಹಳೆಯ ಒಡವೆಗಳ ಅಂಗಡಿಯೊಂದರಲ್ಲಿ ಉಂಗುರವೊಂದನ್ನು ಕೊಂಡೆ. ಬೆಲೆಯನ್ನು ಅಮ್ಮನಿಗೆ ಫೋನಿನಲ್ಲಿ ಹೇಳಿ ಬೈಸಿಕೊಂಡದ್ದಾಗಿದೆ. ನಿಮಗೆ ಅದರ ಕೆಲಸವನ್ನು ವಿವರಿಸಬೇಕೆಂದು ಬರೆಯುತ್ತಿದ್ದೇನೆ.

ಇದನ್ನು ಇಲ್ಲಿ ಬ್ಯಾಲೆರಿನಾ ಉಂಗುರ ಎನ್ನುತ್ತಾರೆ. ನಡುವೆ ನೀಲ, ಅದರ ಸುತ್ತ ಬ್ಯಾಗೆಟ್ ವಜ್ರಗಳು, ಅಂದರೆ ಉದ್ದನೆಯ ಪಟ್ಟಿಯಂತೆ, ಮೆಟ್ಟಿಲು ಮೆಟ್ಟಿಲಾಗಿ ಸಾಣೆ ಹಿಡಿದವು. ಪ್ರತಿಯೊಂದರ ಕಿರಿದಾದ ತುದಿ ನೀಲದ ಕಡೆಗೂ ಅಗಲವಾದ ತುದಿ ಹೊರಕ್ಕೂ ಇದೆ. ಬ್ಯಾಲೆ ನರ್ತಕಿಯರು ಸೊಂಟಕ್ಕೆ ತೊಡುವ, ಕೊಡೆಯಂತೆ ಅಡ್ಡಲಾಗಿ ಬಿರಿದು ನಿಲ್ಲುವ ಗಿಡ್ಡ ಲಂಗದ ಹೋಲಿಕೆ ಅದು. ಅಕ್ಕ ಅರೆಮಂಡಿಗೆ ಕೂತಾಗ ಮುಂದಿನ ನಿರಿಗೆ ಬೀಸಣಿಗೆಯಂತೆ ಬಿಚ್ಚಿಕೊಳ್ಳುತ್ತದಲ್ಲ, ಅದೇ ನಿರಿಗೆ ಸೊಂಟದ ಸುತ್ತಲೂ ಇದ್ದಂತೆ ಊಹಿಸಿಕೊಳ್ಳಿ.

ನಿಮಗೆ ಮೆಚ್ಚುಗೆಯಾಗುವ ಸಂಗತಿ ಬೇರೆಯೇ ಇದೆ. ವಜ್ರಗಳನ್ನು ಒಂದೇ ಮಟ್ಟದಲ್ಲಿ ಕೂರಿಸಿಲ್ಲ. ಸುತ್ತಿನ ಅಂಚು ಅಲೆಯಂತೆ ಒಂದೆಡೆ ಏರಿ ಇನ್ನೊಂದೆಡೆ ಇಳಿಯುವುದರಿಂದ, ಬೆರಳನ್ನು ತುಸು ಹೊರಳಿಸಿದರೂ ಬೆಳಕು ಒಂದು ಕಲ್ಲಿನಿಂದ ಮತ್ತೊಂದಕ್ಕೆ ಜಾರಿ, ಲಂಗವೇ ತಿರುಗಿದಂತೆ ಕಾಣುತ್ತದೆ. ಅಮ್ಮನ ಏಳು ಕಲ್ಲಿನ ಓಲೆಯಷ್ಟು ಇದು ಹೊಳೆಯುವುದಿಲ್ಲ. ಬ್ಯಾಗೆಟ್ಟಿಗೆ ಮುಖಗಳು ಕಡಿಮೆ. ಅಲೆಯನ್ನು ತೆಗೆದರೆ ಉಳಿಯುವುದು ಬರೀ ಬೇಲಿ.

ಈ ಮಾದರಿಗೆ ಹೆಚ್ಚು ಬೇಡಿಕೆಯಿದ್ದದ್ದು 1950 ಮತ್ತು 60ರ ದಶಕಗಳಲ್ಲಿ. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕ ಸರ್ಕಾರ ಒಡವೆಗೆ ಪ್ಲಾಟಿನಂ ಬಳಸುವುದನ್ನು ನಿಷೇಧಿಸಿತ್ತು. ಯುದ್ಧ ಮುಗಿದ ಮೇಲೆ ಆ ಬಿಳಿ ಲೋಹ ಮರಳಿ ಬಂದಾಗ ಬಿಳಿಯ ಒಡವೆಗಳ ಕೆಲಸಕ್ಕೆ ಹೊಸ ಹುರುಪು ಬಂತು. ಅದಕ್ಕೂ ಮೊದಲೇ, 1940ರ ದಶಕದ ಆರಂಭದಲ್ಲಿ, ವ್ಯಾನ್ ಕ್ಲೀಫ್ ಅಂಡ್ ಆರ್ಪೆಲ್ಸ್ ಎಂಬ ಒಡವೆ ಸಂಸ್ಥೆಯವರು ಇದೇ ನ್ಯೂಯಾರ್ಕಿನಲ್ಲಿ ನರ್ತಕಿಯ ಆಕಾರದ ಪಿನ್ನುಗಳನ್ನು ಮಾಡಿದ್ದರು. ಅವುಗಳಲ್ಲಿ ತಲೆ, ಕೈಕಾಲು ಎಲ್ಲವೂ ಇವೆ. ಉಂಗುರದಲ್ಲಿ ನರ್ತಕಿಯೇ ಇಲ್ಲ, ಲಂಗ ಮಾತ್ರ. ನನಗೆ ಇದೇ ಹೆಚ್ಚು ಹಿಡಿಸಿತು.

ನೀಲ ಅಸಲಿಯೇ ಎಂದು ನೀವು ಕೇಳುವಿರೆಂದು ಬಲ್ಲೆ. ಕುಲುಮೆಯಲ್ಲಿ ಕರಗಿಸಿ ಬೆಳೆಸಿದ ನೀಲಗಳು ಆ ಕಾಲಕ್ಕಾಗಲೇ ಧಾರಾಳವಾಗಿದ್ದವು. ಅವುಗಳ ಒಳಗೆ ಬಾಗಿದ ಗೆರೆಗಳಿರುತ್ತವೆ. ಭೂತಗನ್ನಡಿಯಲ್ಲಿ ನೋಡಿದಾಗ ಇದರಲ್ಲಿ ನೇರ ಗೆರೆಗಳು ಕಂಡವು. ಶನಿಯ ಕಲ್ಲಾದ್ದರಿಂದ ಮೂರು ರಾತ್ರಿ ದಿಂಬಿನ ಕೆಳಗಿಟ್ಟು ನೋಡೆಂದು ಅಮ್ಮ ಹೇಳಿದಂತೆಯೇ ಇಟ್ಟೆ. ಸುಖವಾಗಿ ನಿದ್ರೆ ಬಂತು.

ಒಂದೇ ಕೊರತೆಯೆಂದರೆ, ಒಂದು ವಜ್ರ ಉದುರಿಹೋಗಿದೆ. ಅಕ್ಕಪಕ್ಕದವುಗಳ ಓರೆಗೆ ಸರಿಹೊಂದುವಂತೆ ಹೊಸದನ್ನು ಸಾಣೆ ಹಿಡಿಸಬೇಕು. ಇಲ್ಲಿನ ಕೆಲಸಗಾರರೊಬ್ಬರು ಸಿದ್ಧವಿರುವ ಕಲ್ಲನ್ನೇ ಕೂರಿಸಿ, ಅಂಚನ್ನು ತುಸು ಸಮ ಮಾಡುತ್ತೇನೆಂದರು. ನಾನು ಒಪ್ಪದೆ ಮರಳಿ ತಂದೆ. ಡಿಸೆಂಬರಿನಲ್ಲಿ ಬರುವಾಗ ನಿಮ್ಮ ಕೈಗೇ ಕೊಡುತ್ತೇನೆ. ಖಾಲಿ ಜಾಗದ ಉದ್ದ, ಎರಡು ತುದಿಗಳ ಅಗಲ ಮತ್ತು ಅಲೆಯ ಏರಿಳಿತವನ್ನು ಈ ಹಾಳೆಯ ಹಿಂಬದಿಯಲ್ಲಿ ಬರೆದಿದ್ದೇನೆ. ಅಷ್ಟರೊಳಗೆ ಕಲ್ಲು ಸಿಕ್ಕೀತೇ ನೋಡಿ.

ಇಂತಿ ನಿಮ್ಮ ಮಗಳು