ಕಲ್ಲಿನ ಮೇಲೆ ಹೆಸರಿದೆ, ಲೆಕ್ಕ ಎಲ್ಲಿ?

ಸಂಪಾದಕರೇ,

ನಮ್ಮ ಬಡಾವಣೆಯ ಪಾರ್ಕಿನಲ್ಲಿ ಶಾಸಕರ ನಿಧಿಯಿಂದ ಓಪನ್ ಜಿಮ್ ಹಾಕಿದ್ದಾರೆ. ಗೇಟಿನ ಪಕ್ಕ ಕಪ್ಪು ಗ್ರಾನೈಟ್ ಕಲ್ಲು. ಉದ್ಘಾಟನೆ ಮಾಡಿದವರು, ಅಧ್ಯಕ್ಷತೆ ವಹಿಸಿದವರು, ‘ಘನ ಉಪಸ್ಥಿತಿ’ ಅಂತ ಇನ್ನೂ ಒಂದಷ್ಟು ಹೆಸರು, ಕೆಳಗೆ ತಾರೀಖು, ಎಲ್ಲವನ್ನೂ ಚಿನ್ನದ ಬಣ್ಣದಲ್ಲಿ ಕೆತ್ತಿಸಿದ್ದಾರೆ. ಎಷ್ಟು ಖರ್ಚಾಯಿತು, ಗುತ್ತಿಗೆದಾರ ಯಾರು, ಕೆಟ್ಟರೆ ಎಷ್ಟು ವರ್ಷ ಅವರೇ ರಿಪೇರಿ ಮಾಡಿಕೊಡಬೇಕು ಅನ್ನುವುದು ಮಾತ್ರ ಎಲ್ಲೂ ಇಲ್ಲ. ಈಗ ಸೈಕಲ್ಲಿನ ಪೆಡಲ್ ಕಿತ್ತುಹೋಗಿದೆ. ವಯಸ್ಸಾದವರು ಕಾಲಿಡಲು ಹೋಗಿ ಬಿದ್ದರೆ ಯಾರನ್ನು ಕೇಳಬೇಕು?

ರಾಜ್ಯದಲ್ಲಿ ಶಾಸಕರ ಸ್ಥಳೀಯ ಪ್ರದೇಶಾಭಿವೃದ್ಧಿ ನಿಧಿ ಅಂತ ಒಬ್ಬೊಬ್ಬರಿಗೆ ವರ್ಷಕ್ಕೆ 2 ಕೋಟಿ ರೂಪಾಯಿ ಇದೆ. ಯಾವ ಕೆಲಸ ಆಗಬೇಕು ಅಂತ ಶಾಸಕರು ಸೂಚಿಸುತ್ತಾರೆ, ಹಣ ಜಿಲ್ಲಾಧಿಕಾರಿ ಮೂಲಕ ಬರುತ್ತದೆ. ಅಂದಮೇಲೆ ಲೆಕ್ಕ ಫೈಲಿನಲ್ಲಿ ಇದ್ದೇ ಇರುತ್ತದೆ. ಅದನ್ನು ನೋಡಲು ಮತದಾರರು ಮಾಹಿತಿ ಹಕ್ಕಿನಲ್ಲಿ ಅರ್ಜಿ ಬರೆದು, 10 ರೂಪಾಯಿ ಕಟ್ಟಿ, 30 ದಿನ ಯಾಕೆ ಕಾಯಬೇಕು? ಜನ ಅರ್ಜಿ ಹಿಡಿದು ಬರುವ ಮೊದಲೇ ಇಂಥ ಮಾಹಿತಿಯನ್ನು ಪ್ರಕಟಿಸಬೇಕು ಅಂತ 2005ರ ಆ ಕಾಯ್ದೆಯ 4ನೇ ಸೆಕ್ಷನ್ ಹೇಳುತ್ತದೆ.

ಆಸ್ತಿ ವಿವರದ್ದೂ ಹೀಗೇ. ಲೋಕಾಯುಕ್ತ ಕಾಯ್ದೆಯ ಪ್ರಕಾರ ಶಾಸಕರು ಪ್ರತಿ ವರ್ಷ ಜೂನ್ 30ರೊಳಗೆ ಆಸ್ತಿ, ಸಾಲದ ವಿವರ ಸಲ್ಲಿಸಬೇಕು. ನೆನಪಿಸಿದರೂ ಕೊಡದವರ ಹೆಸರು ಪತ್ರಿಕೆಗಳಲ್ಲಿ ಬರುತ್ತದೆ. ಶಾಸನ ಮಾಡುವವರಿಗೆ ಅಷ್ಟು ಹೇಳಿಸಿಕೊಳ್ಳುವ ಗತಿ ಯಾಕೆ ಬರಬೇಕು?

ಬೆಂಗಳೂರಿನಲ್ಲಂತೂ ಇದು ಸಣ್ಣ ವಿಷಯ ಅಲ್ಲವೇ ಅಲ್ಲ. 2020ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಸದಸ್ಯರ ಅವಧಿ ಮುಗಿಯಿತು, ಆಮೇಲೆ ವರ್ಷಗಟ್ಟಲೆ ಕಾರ್ಪೊರೇಟರ್‌ಗಳೇ ಇಲ್ಲದೆ ಊರು ನಡೆಯಿತು, ಮೋರಿ ಕಟ್ಟಿಕೊಂಡರೂ ಬೀದಿ ದೀಪ ಹೋದರೂ ಜನ ಶಾಸಕರ ಕಚೇರಿಗೇ ಹೋಗುವುದು ರೂಢಿಯಾಯಿತು. ಅಧಿಕಾರ ಹೀಗೆ ಒಂದೇ ಕಡೆ ಸೇರಿದಾಗ ಲೆಕ್ಕ ಕೇಳುವುದೂ ಜಾಸ್ತಿ ಆಗಬೇಕು ಅಲ್ವಾ?

ನಗರದ 28 ಶಾಸಕರಲ್ಲೂ ನನ್ನ ಕೋರಿಕೆ ಇಷ್ಟೇ. ಈ ವರ್ಷ ನಿಧಿಯಿಂದ ಆದ ಕೆಲಸಗಳು, ಮೊತ್ತ, ಗುತ್ತಿಗೆದಾರರ ಹೆಸರು, ಯಾವುದು ಅರ್ಧಕ್ಕೆ ನಿಂತಿದೆ ಅನ್ನುವುದನ್ನು ಕನ್ನಡದಲ್ಲಿ ಬರೆಸಿ ನಿಮ್ಮ ಕಚೇರಿ ಬಾಗಿಲಲ್ಲೇ ಹಾಕಿ. ವರ್ಷಕ್ಕೊಮ್ಮೆ ಒಂದು ಭಾನುವಾರ ಎಂಜಿನಿಯರ್‌ಗಳನ್ನೂ ಕೂರಿಸಿಕೊಂಡು ಸಭೆ ಮಾಡಿ. ಹಾರ, ಶಾಲು ಬೇಡ. ಜನ ಕೇಳಿದ್ದಕ್ಕೆ ಅಲ್ಲೇ ಉತ್ತರ ಕೊಡಿ.

– ಒಬ್ಬ ಮತದಾರ, ವಿಜಯನಗರ, ಬೆಂಗಳೂರು