ಅಳಿಯನ ಟಿಪ್ಪರ್, ಕಂಪನಿಯ ದುಡ್ಡು

ಮಾನ್ಯ ಸಂಪಾದಕರೇ,

ವಾಣಿಜ್ಯ ಪುಟದಲ್ಲಿ ‘ಕಾರ್ಪೊರೇಟ್ ಆಡಳಿತ’ ಎಂಬ ಮಾತು ಕಂಡಾಗಲೆಲ್ಲ ನನಗೆ ನೆನಪಾಗುವುದು ಒಂದು ಅಡುಗೆಮನೆ. ಹುಬ್ಬಳ್ಳಿ ಕಡೆಯ ಒಂದು ಕುಟುಂಬದ ನಿರ್ಮಾಣ ಕಂಪನಿಯಲ್ಲಿ 26 ವರ್ಷ ಲೆಕ್ಕ ಬರೆದವನು ನಾನು. ಅಲ್ಲಿ ನಿರ್ದೇಶಕ ಮಂಡಳಿಯ ಸಭೆ ಎಂದರೆ, ಲೆಕ್ಕಪರಿಶೋಧಕರ ಫೋನ್ ಬಂದ ಮೇಲೆ ನಾನು ಒಂದು ಸಂಜೆ ಕೂತು ಬರೆಯುತ್ತಿದ್ದ ಇಡೀ ವರ್ಷದ ನಡಾವಳಿಗಳು. ಒಂದೇ ದಿನ ಬರೆದದ್ದೆಂದು ತಿಳಿಯಬಾರದಲ್ಲ, ಅದಕ್ಕೆ ಎರಡು ಪೆನ್ನು ಇಟ್ಟುಕೊಳ್ಳುತ್ತಿದ್ದೆ. ಪುಸ್ತಕ ಸಹಿಗೆಂದು ಯಜಮಾನರ ಮನೆಗೆ ಹೋಗುತ್ತಿತ್ತು. ನಿರ್ದೇಶಕಿಯಾಗಿದ್ದ ಹಿರಿಯ ಸೊಸೆ ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಂಡು ‘ಎಲ್ಲಿ ಹಾಕಲಿ?’ ಎನ್ನುತ್ತಿದ್ದರು. ಏನು ಬರೆದಿದೆ ಎಂದು ಅವರು ಕೇಳಲಿಲ್ಲ, ನಾನು ಹೇಳಲಿಲ್ಲ. ಡಿಜಿಟಲ್ ಸಹಿ ಬಂದ ಮೇಲೆ ಅಷ್ಟು ಓಡಾಟವೂ ತಪ್ಪಿತು. ಆ ಸಹಿ ಹಾಕುವ ಪುಟ್ಟ ಸಾಧನ, ಟೋಕನ್; ಐವರು ನಿರ್ದೇಶಕರವೂ ನನ್ನ ಡ್ರಾಯರಿನಲ್ಲೇ ಇರುತ್ತಿದ್ದವು. ಇದರಲ್ಲಿ ನನ್ನ ತಪ್ಪೂ ಇದೆ, ಅಲ್ಲಗಳೆಯುವುದಿಲ್ಲ.

ಕಾಗದದ ಕಥೆ ಹಾಗಿರಲಿ. ಟಿಪ್ಪರ್‌ಗಳು ಯಜಮಾನರ ಅಳಿಯನ ಹೆಸರಿನಲ್ಲಿದ್ದವು. ಜಲ್ಲಿ ಬರುತ್ತಿದ್ದುದು ಭಾವಮೈದುನನ ಕ್ರಷರ್‌ನಿಂದ. ಸೆಂಟ್ರಿಂಗ್ ಸಾಮಾನಿನ ಬಾಡಿಗೆ ಕಿರಿಯ ಮಗನ ಪಾಲುದಾರಿಕೆ ಸಂಸ್ಥೆಗೆ. ಎಲ್ಲದಕ್ಕೂ ಬಿಲ್ ಇತ್ತು, ಟಿಡಿಎಸ್ ಕಡಿತವಾಗುತ್ತಿತ್ತು. ಪೇಟೆಯಲ್ಲಿ ದರ ಎಷ್ಟಿದೆ ಎಂದು ಕೇಳುವವರು ಮಾತ್ರ ಇರಲಿಲ್ಲ. ಯಜಮಾನರು ತೀರಿಕೊಂಡ ಮೇಲೆ ಅಣ್ಣತಮ್ಮಂದಿರು ಪಾಲಿಗೆ ನಿಂತರು. ಚೆಕ್ಕಿಗೆ ಇಬ್ಬರ ಸಹಿಯೂ ಬೇಕಿತ್ತು; ಒಬ್ಬರು ಹಾಕಿದರೆ ಇನ್ನೊಬ್ಬರು ಹಾಕುತ್ತಿರಲಿಲ್ಲ. ಸಿಮೆಂಟಿನವರು ಉದ್ದರಿ ನಿಲ್ಲಿಸಿದರು. ಸೈಟ್ ಎಂಜಿನಿಯರುಗಳು ಮೂರು ತಿಂಗಳು ಸಂಬಳವಿಲ್ಲದೆ ದುಡಿದರು. ಮನೆಗೆಂದು ಮುಂಗಡ ಕೊಟ್ಟಿದ್ದ ನಿವೃತ್ತ ಶಿಕ್ಷಕರೊಬ್ಬರು ಪ್ರತಿ ಸೋಮವಾರ ಬಂದು ನನ್ನೆದುರು ಕೂರುತ್ತಿದ್ದರು. ಬೈಯುತ್ತಲೂ ಇರಲಿಲ್ಲ, ಸುಮ್ಮನೆ ಕೂರುತ್ತಿದ್ದರು.

ಕುಟುಂಬಗಳು ಉದ್ಯಮ ನಡೆಸಬಾರದೆಂದು ನಾನು ಹೇಳುತ್ತಿಲ್ಲ. ವಿಮಾನ ನಿಲ್ದಾಣಗಳನ್ನು ಕಟ್ಟಿದ ಜಿಎಂಆರ್ ಸಮೂಹದ ಕುಟುಂಬ ತನಗಾಗಿ ಲಿಖಿತ ಸಂವಿಧಾನವನ್ನೇ ಮಾಡಿಕೊಂಡಿದೆ. ಅಂಥವರು ಕಡಿಮೆ. ಹೊರಗಿನ ನಿರ್ದೇಶಕರನ್ನು ತಂದು ಕೂರಿಸಿದರೆ ಎಲ್ಲ ಸರಿಹೋಗುತ್ತದೆ ಎಂಬ ನಂಬಿಕೆಯೂ ನನಗಿಲ್ಲ. 2008ರ ಡಿಸೆಂಬರ್ 16ರಂದು ಹೈದರಾಬಾದಿನ ಸಾಫ್ಟ್‌ವೇರ್ ಕಂಪನಿ ಸತ್ಯಂ ಕಂಪ್ಯೂಟರ್ಸ್‌ನ ಮಂಡಳಿ, ಅದರ ಅಧ್ಯಕ್ಷ ರಾಮಲಿಂಗ ರಾಜು ಅವರ ಮಕ್ಕಳು ನಡೆಸುತ್ತಿದ್ದ ಎರಡು ಮೇಟಾಸ್ ಕಂಪನಿಗಳನ್ನು 160 ಕೋಟಿ ಡಾಲರಿಗೆ ಕೊಳ್ಳಲು ಒಪ್ಪಿತು. ಒಂದು ಜಮೀನು-ಕಟ್ಟಡದ್ದು, ಇನ್ನೊಂದು ಮೂಲಸೌಕರ್ಯದ್ದು. ಆ ಮಂಡಳಿಯಲ್ಲಿ ಹೆಸರಾಂತ ಪ್ರಾಧ್ಯಾಪಕರಿದ್ದರು, ನಿವೃತ್ತ ಸಂಪುಟ ಕಾರ್ಯದರ್ಶಿ ಇದ್ದರು. ತಡೆದವರು ಅವರಲ್ಲ, ಷೇರುದಾರರು. ಅವರ ಕೂಗಿಗೆ ಬೆಳಗಾಗುವುದರೊಳಗೆ ನಿರ್ಧಾರ ವಾಪಸಾಯಿತು. ಲೆಕ್ಕದಲ್ಲಿ ಮಾತ್ರ ಇದ್ದ ಆಸ್ತಿಯ ಜಾಗಕ್ಕೆ ನಿಜವಾದ ಆಸ್ತಿಯನ್ನು ತುಂಬುವ ಕೊನೆಯ ಯತ್ನ ಅದಾಗಿತ್ತೆಂದು 2009ರ ಜನವರಿ 7ರಂದು ರಾಜು ಅವರೇ ಸುಳ್ಳು ಲೆಕ್ಕವನ್ನು ಒಪ್ಪಿಕೊಂಡು ಬರೆದುಕೊಟ್ಟರು.

ಸತ್ಯಂನಲ್ಲಿ ಕೂಗು ಹಾಕಲು ಷೇರುದಾರರಾದರೂ ಇದ್ದರು. ನಮ್ಮಂಥ ಖಾಸಗಿ ಕಂಪನಿಯಲ್ಲಿ ಷೇರುದಾರರೂ ಮನೆಯವರೇ, ನಿರ್ದೇಶಕರೂ ಮನೆಯವರೇ. 2013ರ ಕಂಪನಿ ಕಾಯ್ದೆಯ 188ನೇ ಸೆಕ್ಷನ್ ಸಂಬಂಧಿಕರೊಂದಿಗಿನ ವ್ಯವಹಾರಕ್ಕೆ ಕಡಿವಾಣ ಹಾಕುತ್ತದೆ, ನಿಜ. ಆದರೆ ಮಾಮೂಲು ವ್ಯವಹಾರ, ಪೇಟೆ ದರ ಎಂದು ತೋರಿಸಿದರೆ ಅದರಿಂದ ವಿನಾಯಿತಿ. ನಾನು ಆ ಎರಡು ಮಾತನ್ನು ಎಷ್ಟು ಸಲ ಬರೆದಿದ್ದೇನೋ! ಜೊತೆಗೆ, ವ್ಯವಹಾರದಲ್ಲಿ ಹಿತಾಸಕ್ತಿಯುಳ್ಳ ಷೇರುದಾರ ಆ ನಿರ್ಣಯಕ್ಕೆ ಮತ ಹಾಕಬಾರದೆಂಬ ನಿಯಮದಿಂದ ಖಾಸಗಿ ಕಂಪನಿಗಳನ್ನು 2015ರ ಜೂನ್ ಅಧಿಸೂಚನೆ ಬಿಟ್ಟುಬಿಟ್ಟಿತು. ‘ಖಾಸಗಿ’ ಎಂಬ ಪದವೇ ಇಲ್ಲಿ ನಗೆ ತರಿಸುತ್ತದೆ. ಕೆಲಸ ಸರ್ಕಾರದ್ದು, ಸಾಲ ಬ್ಯಾಂಕಿನದು, ಮುಂಗಡ ಮನೆ ಕೊಳ್ಳುವವರದು.

ಮನೆ ಕೊಳ್ಳುವವರ ರಕ್ಷಣೆಗೆ ರಿಯಲ್ ಎಸ್ಟೇಟ್ ಕಾಯ್ದೆ, ಅಂದರೆ ರೇರಾ ಇದೆಯಲ್ಲ ಎನ್ನಬಹುದು. ಗ್ರಾಹಕರಿಂದ ಬಂದ ಹಣದ ಶೇ 70ರಷ್ಟನ್ನು ಪ್ರತ್ಯೇಕ ಖಾತೆಯಲ್ಲಿಡಬೇಕು. ಎಂಜಿನಿಯರ್, ವಾಸ್ತುಶಿಲ್ಪಿ, ಲೆಕ್ಕಪರಿಶೋಧಕರು ಪ್ರಮಾಣಪತ್ರ ಕೊಟ್ಟ ಮೇಲೆಯೇ ತೆಗೆಯಬೇಕು. ಒಳ್ಳೆಯ ನಿಯಮ. ಆದರೆ ಅದು ನೋಡುವುದು ಹಣ ಕಟ್ಟಡಕ್ಕೆ ಹೋಯಿತೇ ಎಂಬುದನ್ನು. ಯಾರ ಕೈಗೆ, ಯಾವ ದರಕ್ಕೆ ಹೋಯಿತು ಎಂಬುದನ್ನಲ್ಲ. ಅಳಿಯನ ಟಿಪ್ಪರಿಗೆ ದುಪ್ಪಟ್ಟು ಬಾಡಿಗೆ ಕೊಟ್ಟರೂ ಅದು ನಿರ್ಮಾಣ ವೆಚ್ಚವೇ, ಮೂರೂ ಪ್ರಮಾಣಪತ್ರಗಳು ಸರಿಯಾಗಿಯೇ ಇರುತ್ತವೆ.

ಕರ್ನಾಟಕ ರೇರಾ ಪ್ರಾಧಿಕಾರಕ್ಕೆ ನನ್ನ ಕೋರಿಕೆ ಇಷ್ಟೇ. ಯೋಜನೆಯ ಗುತ್ತಿಗೆದಾರರು, ಸಾಮಗ್ರಿ ಪೂರೈಕೆದಾರರ ಪೈಕಿ ಪ್ರವರ್ತಕರ, ಅಂದರೆ ಕಟ್ಟಿ ಮಾರುವವರ, ಸಂಬಂಧಿಕರು ಯಾರು, ಅವರಿಗೆ ಸಂದ ಮೊತ್ತವೆಷ್ಟು ಎಂಬುದನ್ನು ಪ್ರತಿ ಯೋಜನೆಯ ಪುಟದಲ್ಲಿ ಗ್ರಾಹಕರಿಗೆ ಕಾಣುವಂತೆ ಹಾಕಿಸಲಿ. ಪ್ರವರ್ತಕರಿಗೆ ನಿರ್ದೇಶನ ನೀಡುವ ಅಧಿಕಾರ ರೇರಾ ಕಾಯ್ದೆಯ 37ನೇ ಸೆಕ್ಷನ್‌ನಲ್ಲಿ ಇದ್ದೇ ಇದೆ. ಈ ಪಟ್ಟಿ ಮಾಡುವುದು ಕಷ್ಟ ಎಂದು ಯಾವ ಕಂಪನಿಯಾದರೂ ಹೇಳಿದರೆ ನಂಬಬೇಡಿ. ಅಲ್ಲಿನ ಲೆಕ್ಕಿಗನಿಗೆ ಅದು ಬಾಯಿಪಾಠವಾಗಿರುತ್ತದೆ.

ಒಬ್ಬ ನಿವೃತ್ತ ಲೆಕ್ಕಿಗ, ಹುಬ್ಬಳ್ಳಿ
(ದಯವಿಟ್ಟು ಹೆಸರು ಪ್ರಕಟಿಸಬೇಡಿ)