ಕೊಲೆಸ್ಟ್ರಾಲ್ ಮಾತ್ರೆ ಬಿಡುವ ಮುಂಚೆ

ಚಿ. ಗಿರೀಶನಿಗೆ ಮಾವನ ಆಶೀರ್ವಾದಗಳು.

ಕೊಲೆಸ್ಟ್ರಾಲ್ ಇಳಿಸುವ ಸ್ಟಾಟಿನ್ ಗುಂಪಿನ ಮಾತ್ರೆ ರೋಸುವಾಸ್ಟಾಟಿನ್ 10 ಮಿ.ಗ್ರಾಂ. ಶುರುಮಾಡಿ ಮೂರು ವಾರಕ್ಕೆ ಕಾಲುನೋವೆಂದು ನೀನಾಗಿಯೇ ಬಿಟ್ಟೆಯಂತೆ. ಅಕ್ಕ ಫೋನಿನಲ್ಲಿ ಹೇಳಿದಳು. ಡಾಕ್ಟರಿಗೆ ತಿಳಿಸದೆ ಬಿಟ್ಟಿದ್ದು ಸರಿಯಲ್ಲ.

ನೋವು ಎಲ್ಲಿದೆ ನೋಡು. ಈ ಮಾತ್ರೆಯ ನೋವು ಸಾಮಾನ್ಯವಾಗಿ ತೊಡೆ, ಸೊಂಟದ ಕೆಳಗಿನ ಸ್ನಾಯು, ಮೀನಖಂಡಗಳಲ್ಲಿ ಎರಡೂ ಕಡೆ ಬರುತ್ತದೆ. ಒಂದೇ ಮಂಡಿ ನೋಯುತ್ತಿದ್ದರೆ ಬೇರೆ ಕಾರಣ ಹುಡುಕಬೇಕು. ಸ್ನಾಯುವಿಗೆ ಪೆಟ್ಟಾಗಿದೆಯೇ ಎಂದು ತೋರಿಸುವ ಸಿಕೆ ಎಂಬ ರಕ್ತಪರೀಕ್ಷೆ ಬರೆದುಕೊಟ್ಟರೆ ಜಿಮ್‌ಗೆ ಹೋದ ಮಾರನೇ ದಿನ ಮಾಡಿಸಬೇಡ, ಭಾರ ಎತ್ತಿದರೂ ಅದು ಏರುತ್ತದೆ. ಥೈರಾಯ್ಡಿನ ಪರೀಕ್ಷೆ ಟಿಎಸ್‌ಎಚ್ ಕೂಡ ನೋಡಿಸು. ಥೈರಾಯ್ಡ್ ಕುಂದಿದ್ದರೆ ಕೊಲೆಸ್ಟ್ರಾಲೂ ಏರುತ್ತದೆ, ಸ್ನಾಯುವೂ ನೋಯುತ್ತದೆ. ಎಷ್ಟೋ ಸಲ ಬೈಗುಳ ಮಾತ್ರ ಮಾತ್ರೆಗೆ! ಸಿಕೆ ಮೇಲ್ಮಿತಿಯ ಹತ್ತು ಪಟ್ಟು ದಾಟಿದರೆ ಮಾತ್ರೆ ನಿಲ್ಲಿಸಲೇಬೇಕು. ನಿಶ್ಶಕ್ತಿಯ ಜೊತೆಗೆ ಮೂತ್ರ ಕಪ್ಪು ಚಹಾದಂತೆ ಹೋದರೆ ಅದೇ ದಿನ ಆಸ್ಪತ್ರೆಗೆ ಹೋಗು. ಸ್ನಾಯು ಕರಗಿ ಕಿಡ್ನಿಗೆ ಪೆಟ್ಟಾಗುವ ಲಕ್ಷಣ ಅದು. ತೀರಾ ಅಪರೂಪ, ಆದರೂ ಕಾಯುವಂಥದ್ದಲ್ಲ.

2020ರಲ್ಲಿ ಪ್ರಕಟವಾದ ಲಂಡನ್ನಿನ ಒಂದು ಅಧ್ಯಯನದಲ್ಲಿ, ತೊಂದರೆಯೆಂದು ಸ್ಟಾಟಿನ್ ಬಿಟ್ಟಿದ್ದ 60 ಜನರಿಗೆ ಕೆಲವು ತಿಂಗಳು ಸ್ಟಾಟಿನ್, ಕೆಲವು ತಿಂಗಳು ಔಷಧವಿಲ್ಲದ ಹುಸಿ ಮಾತ್ರೆ ಕೊಟ್ಟರು, ಇನ್ನು ಕೆಲವು ತಿಂಗಳು ಏನೂ ಕೊಡಲಿಲ್ಲ. ಸ್ಟಾಟಿನ್ ತಿಂಗಳ ತೊಂದರೆಯಲ್ಲಿ ಶೇ. 90ರಷ್ಟು ಹುಸಿ ಮಾತ್ರೆಯಲ್ಲೂ ಕಂಡಿತು. ನೋವು ಸುಳ್ಳೆಂದಲ್ಲ, ಭಯವೂ ನೋಯಿಸುತ್ತದೆ.

ನನಗೆ ಹೆಚ್ಚು ಆತಂಕ ಬೇರೆ ಔಷಧದ ಜೊತೆ ಬೆರೆಯುವುದರದ್ದು. ಸೆರಿವಾಸ್ಟಾಟಿನ್ ಎಂಬ ಇನ್ನೊಂದು ಸ್ಟಾಟಿನ್ 2001ರಲ್ಲಿ ಮಾರುಕಟ್ಟೆಯಿಂದ ಹೋದದ್ದು ಸ್ನಾಯು ಕರಗಿ ಸಾವುಗಳಾದ ಮೇಲೆ. ಅದನ್ನು ಜೆಮ್‌ಫೈಬ್ರೊಜಿಲ್ ಎಂಬ ರಕ್ತದ ಕೊಬ್ಬಿಳಿಸುವ ಔಷಧದ ಜೊತೆ ತೆಗೆದುಕೊಂಡವರಲ್ಲಿ ಅಪಾಯ ಬಹಳ ಹೆಚ್ಚಿತ್ತು. ನಿನ್ನಪ್ಪನ ಅಟೋರ್ವಾಸ್ಟಾಟಿನ್‌ಗೆ ಕ್ಲಾರಿಥ್ರೊಮೈಸಿನ್, ಇಟ್ರಾಕೊನಜೋಲ್ ಆಗಿಬರುವುದಿಲ್ಲ: ಲಿವರಿನಲ್ಲಿ ಅದು ಕರಗುವ ದಾರಿಯನ್ನೇ ಇವು ತಡೆಯುತ್ತವೆ. ಗಂಟಲುನೋವಿಗೆ, ಹುಳುಕಡ್ಡಿಗೆ ಔಷಧ ಬರೆಸುವಾಗ ಭಾವನವರು ಇದನ್ನು ಹೇಳಲಿ. ಚಕ್ಕೋತದಲ್ಲೂ ಇಂಥದೇ ತಡೆಯುವ ಅಂಶವಿದೆ, ದೇವನಹಳ್ಳಿಯದನ್ನು ದಿನಾ ಬಿಡಿಸಿ ತಿನ್ನುವುದು ಬೇಡ. ರೋಸುವಾಸ್ಟಾಟಿನ್‌ಗೆ ಆ ಕಾಟವಿಲ್ಲ, ಆದರೆ ಆಸಿಡಿಟಿಯ ಜೆಲ್ ಕುಡಿಯುವುದಾದರೆ ಮಾತ್ರೆ ನುಂಗಿ ಎರಡು ಗಂಟೆಯಾದ ಮೇಲೆ ಕುಡಿ.

ರಕ್ತದ ಸಕ್ಕರೆ ಅಂಚಿನಲ್ಲಿರುವವರಿಗೆ ಸ್ಟಾಟಿನ್‌ನಿಂದ ಅದು ಸ್ವಲ್ಪ ಏರಬಹುದು, ಎಚ್‌ಬಿಎ1ಸಿ ಎಂಬ ಮೂರು ತಿಂಗಳ ಸಕ್ಕರೆಯ ಪರೀಕ್ಷೆ ನೋಡಿಸಿಕೊಂಡರಾಯಿತು.

ಏಷ್ಯಾದವರ ರಕ್ತದಲ್ಲಿ ರೋಸುವಾಸ್ಟಾಟಿನ್ ಮಟ್ಟ ಸುಮಾರು ಎರಡು ಪಟ್ಟು ಏರುವುದರಿಂದ 5 ಮಿ.ಗ್ರಾಂ.ನಿಂದ ಶುರುಮಾಡುವುದು ವಾಡಿಕೆ. ಡಾಕ್ಟರನ್ನು ಕೇಳು. ಪ್ರಮಾಣ ದುಪ್ಪಟ್ಟಾದರೂ ಎಲ್‌ಡಿಎಲ್ ಎಂಬ ಕೆಟ್ಟ ಕೊಲೆಸ್ಟ್ರಾಲ್ ಹೆಚ್ಚುವರಿಯಾಗಿ ಇಳಿಯುವುದು ಶೇ. 6ರಷ್ಟೇ, ಕಡಿಮೆ ಪ್ರಮಾಣದ ಜೊತೆ ಸ್ಟಾಟಿನ್ ಅಲ್ಲದ ಕೊಲೆಸ್ಟ್ರಾಲ್ ಮಾತ್ರೆ ಎಜೆಟಿಮೈಬ್ 10 ಮಿ.ಗ್ರಾಂ. ಸೇರಿಸುವ ದಾರಿಯೂ ಇದೆ. ಹೋಗುವಾಗ ಮಾತ್ರೆ ಶುರುಮಾಡಿದ ದಿನ, ನೋವು ಬಂದ ದಿನ, ಬಿಟ್ಟ ಮೇಲೆ ಕಡಿಮೆಯಾಯಿತೇ ಎಂಬುದನ್ನು ಚೀಟಿಯಲ್ಲಿ ಬರೆದುಕೊಂಡು ಹೋಗು.

ಇಂತಿ,
ನಿನ್ನ ಮಾವ